ಸೇವೆಗೆ ಹೋಗುವವಳಿಂದಲೇ ಹಣ ವಸೂಲಿ ಏಕೆ?

‘ಸೇವೆ’ ಎಂಬ ಶಬ್ದವನ್ನು ನಮ್ಮ ದೇಶದಲ್ಲಿ ಯಾರು ಯಾರಿಗೆ ಹೇಳುತ್ತಾರೆಂಬುದನ್ನು ಸ್ವಲ್ಪ ಗಮನಿಸಿ ನೋಡಬೇಕು. ಪಗಾರ ಹೆಚ್ಚು ಕೇಳಿದ ಶಾಲಾಮಾಸ್ತರನಿಗೆ ಹೇಳುತ್ತಾರೆ, ಅಂಗನವಾಡಿಯ ಅಕ್ಕನಿಗೆ ಹೇಳುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸಬಾಯಿಗೆ ಹೇಳುತ್ತಾರೆ. ಅಡತಿ ವ್ಯಾಪಾರಿಗಾಗಲಿ, ಖಾಸಗಿ ದವಾಖಾನೆಯ ಮಾಲಕನಿಗಾಗಲಿ ‘ನೀವು ಸೇವೆ ಮಾಡಿರಿ, ಲಾಭ ಕೇಳಬೇಡಿರಿ’ ಎಂದು ಯಾರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. 2020ನೆಯ ಇಸವಿಯ ಮಾರ್ಚ 22ರಂದು ದೇಶವೆಲ್ಲ ಮನೆಯ ಬಾಗಿಲಿಗೆ ಬಂದು ತಟ್ಟೆ ಬಡಿದು ನರ್ಸುಗಳಿಗೆ ಗೌರವ ತೋರಿಸಿತು. ತಟ್ಟೆಯ ಸದ್ದು ನಿಂತ ಮೇಲೆ ಅವರ ಪಗಾರದ ಮಾತು ತೆಗೆದವರು ಬಹಳ ಕಡಿಮೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಶಿಗ್ಗಾಂವಿ ತಾಲೂಕಿನ ದುಂಡಸಿ ಕಡೆಯ ಒಬ್ಬ ರೈತರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಮಗಳು ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ನರ್ಸಿಂಗ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕೈಯಲ್ಲಿ ಬಣ್ಣಬಣ್ಣದ ಒಂದು ಕಾಗದ. ಆಫ್ರಿಕದ ಒಂದು ದೇಶದಲ್ಲಿ ನಾಲ್ಕು ವಾರದ ‘ಸ್ವಯಂಸೇವಾ ವೈದ್ಯಕೀಯ ತಂಡ’; ವಿದ್ಯಾರ್ಥಿಗಳಿಗೆ ವಿಶೇಷ ಆಹ್ವಾನ. ಕಾಗದದ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಲೆಕ್ಕ: ನೋಂದಣಿ ಶುಲ್ಕ, ವಸತಿ ಶುಲ್ಕ, ಪ್ರಮಾಣಪತ್ರದ ಶುಲ್ಕ, ವಿಮಾನದ ಟಿಕೀಟು ಮತ್ತು ವೀಸಾ ಬೇರೆ. ಎಲ್ಲ ಕೂಡಿಸಿದರೆ ಎರಡು ಲಕ್ಷ ದಾಟಿತು.

“ಮಾಸ್ತರ, ಮಗಳು ಸೇವಾ ಮಾಡಾಕ ಹೋಗ್ತೀನಂತಾಳ. ಒಳ್ಳೇದ ಐತಿ, ಬ್ಯಾಡ ಅನ್ನಾಕ ಮನಸ್ಸಿಲ್ಲ. ಎರಡ ಎಕರೆ ಒತ್ತಿ ಹಾಕೂಣೇನ್ರಿ?” ಎಂದು ಆ ಹಿರಿಯರು ಕೇಳಿದರು. ಅವರ ಮುಖದಲ್ಲಿ ಅಭಿಮಾನವೂ ಇತ್ತು, ಅಂಜಿಕೆಯೂ ಇತ್ತು.

ಹುಡುಗಿ ಜಾಣೆ. ಅವಳು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. “ಇಲ್ಲಿ ನಮಗ ಬರೇ ಬಿ.ಪಿ. ನೋಡಾಕ, ಹಾಸಿಗಿ ಹಾಸಾಕ ಹಚ್ತಾರ್ರಿ ಸರ. ಅಲ್ಲಿ ಹೋದರ ಹೆರಿಗಿ ಮಾಡಿಸಾಕ ಕೊಡ್ತಾರಂತ.”

ಇದನ್ನು ನಮ್ಮ ಪೇಟೆಯ ಒಬ್ಬ ಕಿರಾಣಿ ವ್ಯಾಪಾರಿ ಮಿತ್ರರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. “ಊರ ದವಾಖಾನ್ಯಾಗ ನರ್ಸಬಾಯಿ ಸಿಗೂದಿಲ್ಲ, ಈಕಿ ಆಫ್ರಿಕಾಕ್ಕ ಹೊಂಟಾಳ!” ಎಂದರು. ನಮ್ಮ ವಾಚಕರಲ್ಲಿ ಅನೇಕರ ಅಭಿಪ್ರಾಯವೂ ಇದೇ ಇದ್ದೀತು. ನಾನು ಇದನ್ನು ಒಪ್ಪುವುದಿಲ್ಲ. ದುಡಿಯುವವರು ಗಡಿಯಾಚೆಯ ದುಡಿಯುವವರಿಗಾಗಿ ಮರುಗುವುದು ಹುಚ್ಚುತನವೆಂದಾದರೆ, ನಮ್ಮ ಚಳವಳಿಯ ಅರ್ಧ ಇತಿಹಾಸವನ್ನು ಹೊಳೆಗೆ ಹಾಕಬೇಕಾದೀತು. ಹುಡುಗಿಯ ಆಸೆಯಲ್ಲಿ ತಪ್ಪಿಲ್ಲ. ಆ ಆಸೆಯನ್ನು ಹಣ ಮಾಡಿಕೊಳ್ಳುವವರು ಯಾರು, ಅದಕ್ಕೆ ಸರಿಯಾದ ದಾರಿ ಯಾವುದು ಎಂಬುದನ್ನು ಮಾತ್ರ ನೋಡಬೇಕು.

ದಾರಿ ನಮಗೆ ಹೊಸದಲ್ಲ. ಅದನ್ನು ಒಮ್ಮೆ ನಮ್ಮ ನೆರೆಯ ಗಿರಣಿ ಊರಿನವರೇ ತುಳಿದಿದ್ದಾರೆ.

ಸೊಲ್ಲಾಪುರವೆಂದರೆ ನಮ್ಮ ಕಾಮಗಾರರಿಗೆ ಪರಿಚಯ ಹೇಳಬೇಕಾಗಿಲ್ಲ. ಮರಾಠಿ, ಕನ್ನಡ, ತೆಲುಗು ಮೂರೂ ಒಂದೇ ಓಣಿಯಲ್ಲಿ ಕೇಳಿಬರುವ ಊರು. 1930ರ ಮೇ ತಿಂಗಳಲ್ಲಿ ಅಲ್ಲಿಯ ಗಿರಣಿ ಕಾಮಗಾರರು ಬೀದಿಗಿಳಿದರು, ಬ್ರಿಟಿಷರು ಮಾರ್ಶಲ್ ಲಾ ಹೇರಿದರು, 1931ರ ಜಾನೇವಾರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಈ ನಾಲ್ವರನ್ನು ಯರವಡಾ ಜೇಲಿನಲ್ಲಿ ಗಲ್ಲಿಗೇರಿಸಿದರು. ಅದೇ ಊರಿನಲ್ಲಿ 1910ರ ಅಕ್ಟೋಬರ 10ರಂದು ಹುಟ್ಟಿದ ಹುಡುಗ ದ್ವಾರಕಾನಾಥ ಕೋಟ್ನಿಸ. ದೊಡ್ಡ ಸಂಸಾರ, ಸಾಧಾರಣ ಸ್ಥಿತಿಯ ಮನೆ. ಮುಂಬಯಿಯ ಸೇಠ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರರಾಗಿ, ಮುಂದಿನ ಉಚ್ಚ ಪರೀಕ್ಷೆಯ ತಯಾರಿಯಲ್ಲಿದ್ದರು.

1937ರಲ್ಲಿ ಜಪಾನವು ಚೀನದ ಮೇಲೆ ಬಿತ್ತು. ಚೀನದ ಸೇನಾನಿ ಝೂ ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು ಕಳಿಸಿಕೊಡಬೇಕೆಂದು ಕೇಳಿಕೊಂಡರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು 1938ರ ಜೂನದಲ್ಲಿ ದೇಶಕ್ಕೆ ಕರೆ ಕೊಟ್ಟರು. ಜುಲೈ ತಿಂಗಳಲ್ಲಿ ‘ಚೀನಾ ದಿನ’ ಆಚರಿಸಿ ವಂತಿಗೆ ಎತ್ತಿದರು. ಕೂಡಿದ್ದು ಸುಮಾರು 22,000 ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ; ಮತ್ತು ನಾವು ಆಗ ಪರರ ಆಳಿಕೆಯಲ್ಲಿದ್ದ ಬಡ ಜನ. 1938ರ ಸಪ್ಟಂಬರ 1ರಂದು ಐದು ಜನ ಡಾಕ್ಟರರು ಮುಂಬಯಿ ಬಂದರದಿಂದ ‘ರಾಜಪುತಾನಾ’ ಹಡಗು ಹತ್ತಿದರು. ಮುಖ್ಯಸ್ಥರು ಡಾ. ಅಟಲ, ಅವರು ಅದಕ್ಕೂ ಮೊದಲು ಸ್ಪೇನದ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಬಂದವರು. ಜೊತೆಗೆ ನಾಗಪುರದ ಡಾ. ಚೋಳಕರ, ಕಲಕತ್ತೆಯ ಡಾ. ಬಸು, ಡಾ. ಮುಖರ್ಜಿ ಮತ್ತು ನಮ್ಮ ಕೋಟ್ನಿಸ.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗುರುತಿಸಿಕೊಳ್ಳಬೇಕು. ಹೋದವರೆಲ್ಲ ಓದು ಮುಗಿಸಿದವರು. ಕೈಯಲ್ಲಿ ಕಸುಬು ಇದ್ದವರು. ಖರ್ಚು ಹೊತ್ತದ್ದು ಸಾರ್ವಜನಿಕರು. ಕೋಟ್ನಿಸರ ತಂದೆಯ ಬಳಿ ಯಾರೂ ನೋಂದಣಿ ಶುಲ್ಕ ಕೇಳಲಿಲ್ಲ, ಪ್ರಮಾಣಪತ್ರದ ಶುಲ್ಕ ಕೇಳಲಿಲ್ಲ. ಹಾಗೆ ಕೇಳಿದ್ದರೆ ಬೋಸರು ತಲೆ ತಗ್ಗಿಸುತ್ತಿದ್ದರು.

ಮುಂದಿನ ಕತೆ ಬಹಳ ಜನರಿಗೆ ಗೊತ್ತು. ಚುಂಗಕಿಂಗದಲ್ಲಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂದರೂ ಕೋಟ್ನಿಸರು ತಿರುಗಿ ಬರಲಿಲ್ಲ. 1939ರ ಫೆಬ್ರುವರಿಯಲ್ಲಿ ಯೆನಾನ ಮುಟ್ಟಿದರು. ಅಲ್ಲಿಂದ ಮುಂದೆ ರಣರಂಗದ ಗುಡ್ಡಗಾಡಿಗೆ ಹೋದರು. ಚೀನೀ ಭಾಷೆಯನ್ನು ಪಾಠ ಹೇಳುವಷ್ಟು ಚೆನ್ನಾಗಿ ಕಲಿತರು. 1941ರ ಆರಂಭದಲ್ಲಿ ಬೆಥ್ಯೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ದವಾಖಾನೆಯ ಮುಖ್ಯಸ್ಥರಾದರು. 1942ರ ಡಿಸೆಂಬರ 9ರಂದು, ಮೂವತ್ತೆರಡರ ವಯಸ್ಸಿನಲ್ಲಿ, ಅಪಸ್ಮಾರದಿಂದ ತೀರಿಕೊಂಡರು. ಉಳಿದ ನಾಲ್ವರೂ ಊರಿಗೆ ಬಂದರು, ಇವರೊಬ್ಬರು ಬರಲಿಲ್ಲ. 1946ರಲ್ಲಿ ವ್ಹಿ. ಶಾಂತಾರಾಮರು ಇದನ್ನು ಸಿನಿಮಾ ಮಾಡಿದರು, ತಾವೇ ಕೋಟ್ನಿಸರ ಪಾತ್ರ ವಹಿಸಿದರು.

ಆದರೆ ಇದೇ ಕತೆಯಲ್ಲಿ ಇನ್ನೊಂದು ಕತೆ ಅಡಗಿದೆ, ಅದನ್ನು ಯಾರೂ ನಮ್ಮ ದುಂಡಸಿಯ ಹುಡುಗಿಗೆ ಹೇಳಿಲ್ಲ. ಭಾರತದಿಂದ ಹೋದ ಆ ತಂಡದಲ್ಲಿ ಐವರೂ ಡಾಕ್ಟರರು, ಐವರೂ ಗಂಡಸರು. ನರ್ಸು ಒಬ್ಬಳೂ ಇರಲಿಲ್ಲ! ಗಾಯ ತೊಳೆದು ಪಟ್ಟಿ ಕಟ್ಟುವವರು, ರಾತ್ರಿ ಜ್ವರ ನೋಡುವವರು, ಉಪಕರಣ ಕುದಿಸುವವರು ಯಾರು? ಅವರು ಅಲ್ಲಿಯವರೇ. ಕೋಟ್ನಿಸರು ಕೈಹಿಡಿದ ಗುವೋ ಚಿಂಗಲಾನ ಅವರು ಅಂಥವರಲ್ಲಿ ಒಬ್ಬರು. ಶಿಕ್ಷಣ ಪಡೆದ ನರ್ಸು. 1940ರಲ್ಲಿ ಡಾ. ಬೆಥ್ಯೂನರ ಸಮಾಧಿಯ ಸಮಾರಂಭದಲ್ಲಿ ಇಬ್ಬರ ಭೆಟ್ಟಿಯಾಯಿತು, 1941ರಲ್ಲಿ ಮದುವೆಯಾಯಿತು. 1942ರ ಆಗಸ್ಟದಲ್ಲಿ ಹುಟ್ಟಿದ ಮಗನಿಗೆ ಭಾರತ ಮತ್ತು ಚೀನ ಎರಡರ ಹೆಸರನ್ನೂ ಕೂಡಿಸಿ ‘ಯಿನ್‌ಹುವಾ’ ಎಂದು ಕರೆದರು. ಆ ಮಗುವಿಗೆ ನಾಲ್ಕು ತಿಂಗಳು ತುಂಬುವುದರೊಳಗೆ ತಂದೆ ಇಲ್ಲವಾದರು. ಮಗನೂ ವೈದ್ಯಕೀಯ ಓದುತ್ತಿರುವಾಗಲೇ 1967ರಲ್ಲಿ ತೀರಿಕೊಂಡನು. ಆ ತಾಯಿ 2012ರ ವರೆಗೆ ಬದುಕಿದ್ದರು. ಸಿನಿಮಾ ನೋಡಿದವರಿಗೆ ಆಕೆ ಕಥಾನಾಯಕಿಯೆಂದು ನೆನಪಿದ್ದಾರು, ನರ್ಸೆಂದು ನೆನಪಿರುವುದು ಸಂಶಯ.

ಬೆಥ್ಯೂನರ ವಿಷಯವೂ ಹಾಗೆಯೇ. ಕೆನಡಾದ ಆ ಮಹಾ ಶಸ್ತ್ರವೈದ್ಯರನ್ನು ಜಗತ್ತು ಬಲ್ಲದು. 1938ರಲ್ಲಿ ಅವರೊಡನೆ ಚೀನಕ್ಕೆ ಹೋದ ಜೀನ ಯುವೆನ ಎಂಬ ನರ್ಸನ್ನು ಎಷ್ಟು ಜನ ಬಲ್ಲರು? ಆಕೆ ಅದಕ್ಕೂ ಮುಂಚೆ ಚೀನದ ಶಾಂಟುಂಗ ಪ್ರಾಂತದಲ್ಲಿ ಕೆಲವು ವರ್ಷ ಕೆಲಸ ಮಾಡಿ ಭಾಷೆ ಕಲಿತಿದ್ದಳು. ಡಾಕ್ಟರರಿಗೆ ಚೀನೀ ಬಾರದು. ರೋಗಿಯ ಮಾತು ಡಾಕ್ಟರರಿಗೆ, ಡಾಕ್ಟರರ ಮಾತು ರೋಗಿಗೆ ಮುಟ್ಟಿದ್ದು ಈ ನರ್ಸಿನ ಬಾಯಿಂದ. ಇನ್ನು ಬೆಥ್ಯೂನರ ಮರಣವನ್ನು ನೋಡಿರಿ. ಶಸ್ತ್ರಕ್ರಿಯೆ ಮಾಡುವಾಗ ಬೆರಳಿಗೆ ಗಾಯವಾಯಿತು, ಕೈಚೀಲವಿಲ್ಲದೆ ನಂಜುಗಾಯವನ್ನು ಮುಟ್ಟಿದರು, ರಕ್ತಕ್ಕೆ ನಂಜೇರಿ 1939ರ ನವೆಂಬರ 12ರಂದು ಸತ್ತರು. ರಬ್ಬರಿನ ಒಂದು ಕೈಚೀಲದ ಬೆಲೆ ಎಷ್ಟೆಂದು ಇದರಿಂದ ತಿಳಿಯಬೇಕು.

ಪರದೇಶದ ಸೇವಾತಂಡವೆಂದರೆ ಡಾಕ್ಟರರ ತಂಡವೆಂಬ ತಿಳಿವಳಿಕೆ 1938ರಿಂದ ಈಚೆಗೆ ಬದಲಾಗಿದೆ, ಆದರೆ ಎಲ್ಲ ಕಡೆಗೂ ಅಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ರೋಗ ಹಬ್ಬಿದಾಗ, ಶ್ರೀಮಂತ ದೇಶಗಳು ಮೊದಲು ತಮ್ಮ ವಿಮಾನ ನಿಲ್ದಾಣಗಳ ಬಾಗಿಲು ಕಾಯುತ್ತಿದ್ದಾಗ, ಕ್ಯೂಬಾ ಎಂಬ ಸಣ್ಣ ದೇಶ ಸಿಯೆರಾ ಲಿಯೋನಿಗೆ 165 ಜನರನ್ನು ಕಳಿಸಿತು. ಅವರಲ್ಲಿ ನೂರಕ್ಕೂ ಮಿಕ್ಕಿ ನರ್ಸುಗಳು. ಡಾಕ್ಟರರು ಅರುವತ್ತರ ಮೇಲೆ ಕೆಲವರು. ಹೋಗುವ ಮೊದಲು ಹವಾನಾದಲ್ಲಿ ಅವರಿಗೆ ತರಬೇತಿಯಾಯಿತು. ಮೈಮುಚ್ಚುವ ಆ ಉಡುಪನ್ನು ಹಾಕಿಕೊಳ್ಳುವುದಕ್ಕಿಂತ ತೆಗೆಯುವುದು ಕಷ್ಟ. ತೆಗೆಯುವಾಗ ಒಂದು ಬೆರಳು ತಪ್ಪಿದರೆ ರೋಗ ಮೈಗೇರುತ್ತದೆ. ಅದನ್ನು ಮತ್ತೆ ಮತ್ತೆ ಕಲಿಸಿದರು. (ಕ್ಯೂಬಾ ಸರಕಾರವು ಇಂಥ ಪರದೇಶದ ಕೆಲಸಗಳಲ್ಲಿ ನೌಕರರ ಸಂಪಾದನೆಯ ದೊಡ್ಡ ಪಾಲನ್ನು ತಾನೇ ಇಟ್ಟುಕೊಳ್ಳುತ್ತದೆಂಬ ಆಕ್ಷೇಪಣೆ ಇದೆ. ಆ ಆಕ್ಷೇಪಣೆ ಸುಳ್ಳಲ್ಲ. ನಮ್ಮವರು ಮಾಡಿದರೆ ಒಂದು ನ್ಯಾಯ, ಬೇರೆಯವರು ಮಾಡಿದರೆ ಒಂದು ನ್ಯಾಯ ಎಂಬ ಪದ್ಧತಿ ಈ ಪತ್ರಿಕೆಯಲ್ಲಿ ಇರಬಾರದು.)

ಈಗ ಹುಡುಗಿಯ ಕಾಗದಕ್ಕೆ ಬರೋಣ. ಮೂರನೆಯ ವರ್ಷದ ವಿದ್ಯಾರ್ಥಿನಿ ಇನ್ನೂ ನರ್ಸಲ್ಲ. ಓದು ನಾಲ್ಕು ವರ್ಷದ್ದು. ಮುಗಿದ ಮೇಲೆ ರಾಜ್ಯದ ನರ್ಸಿಂಗ ಕೌನ್ಸಿಲಿನಲ್ಲಿ ಹೆಸರು ದಾಖಲಾಗಬೇಕು. ಅದಕ್ಕೆ ಮುಂಚೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಮೇಲಿನವರ ಕಣ್ಣಿದ್ದಾಗ ಮಾತ್ರ ಮಾಡಬಹುದಾದ ಕೆಲಸವನ್ನು ಆಫ್ರಿಕದ ಹಳ್ಳಿಯಲ್ಲಿ ಕಣ್ಣಿಲ್ಲದೆ ಮಾಡಬಹುದೆಂದರೆ ಅರ್ಥವೇನು? ಅಲ್ಲಿಯ ಬಸುರಿ ನಮ್ಮ ಹುಡುಗಿಯ ಕೈ ಪಳಗಿಸುವ ಸಾಮಾನೇ? ಬಿಳಿಯ ಆಳರಸರು ನಮ್ಮ ಹೆಣ್ಣುಮಕ್ಕಳನ್ನು ಹಾಗೆ ಎಣಿಸಿದಾಗ ನಾವು ಸಿಟ್ಟಿಗೇಳುತ್ತಿದ್ದೆವು. ನಾನು ಇದನ್ನು ಆ ಹುಡುಗಿಗೆ ನೇರವಾಗಿ ಹೇಳಿದೆ. ಅವಳ ಮೋರೆ ಸಣ್ಣದಾಯಿತು, ಆದರೆ ಅವಳು ವಾದಿಸಲಿಲ್ಲ. “ಹಂಗಾರ ಯಾವಾಗ ಹೋಗಬೇಕ್ರಿ?” ಎಂದು ಕೇಳಿದಳು. ಇದು ಸರಿಯಾದ ಪ್ರಶ್ನೆ, ಇದಕ್ಕೆ ಉತ್ತರವಿದೆ.

‘ಗಡಿಯಿಲ್ಲದ ವೈದ್ಯರು’ ಎಂಬ ಸಂಸ್ಥೆ 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. ಯುದ್ಧ, ಬರ, ರೋಗ ಇದ್ದಲ್ಲಿಗೆ ಹೋಗುವವರು ಅವರು. ನರ್ಸಾಗಿ ಅಲ್ಲಿ ಸೇರಬೇಕಾದರೆ ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷದ ಅನುಭವ ಕೇಳುತ್ತಾರೆ. ಸೇರಿದವರಿಗೆ ಪಗಾರ ಕೊಡುತ್ತಾರೆ, ಪ್ರಯಾಣದ ಖರ್ಚು ಕೊಡುತ್ತಾರೆ, ವಿಮೆ ಮಾಡಿಸುತ್ತಾರೆ. ವಿಶ್ವಸಂಸ್ಥೆಯ ಸ್ವಯಂಸೇವಕರಿಗೂ ಹೆಸರು ಸ್ವಯಂಸೇವಕರೆಂದಿದ್ದರೂ ಜೀವನದ ಭತ್ಯೆ ಉಂಟು, ವಿಮೆ ಉಂಟು. ಅಂದ ಮೇಲೆ, ನಿಜವಾಗಿ ಕೆಲಸ ಬೇಕಾದವರು ಕೆಲಸ ಬಲ್ಲವರನ್ನು ಹುಡುಕಿ ಹಣ ಕೊಟ್ಟು ಕರೆಯುತ್ತಾರೆ. ಹಣ ಬೇಕಾದವರು ಕೆಲಸ ಬಾರದವರನ್ನು ಹುಡುಕಿ ಕರೆಯುತ್ತಾರೆ. ವ್ಯಾಪಾರ ಮಾಡುವ ನಮ್ಮ ವಾಚಕರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ತಿಳಿಯುತ್ತದೆ.

ಅಪಾಯ ಇಲ್ಲವೆಂದು ನಾನು ಹೇಳುವುದಿಲ್ಲ. 2015ರ ಅಕ್ಟೋಬರ 3ರಂದು ಅಫಘಾನಿಸ್ತಾನದ ಕುಂದುಜದಲ್ಲಿ ಇದೇ ಸಂಸ್ಥೆಯ ದವಾಖಾನೆಯ ಮೇಲೆ ಅಮೇರಿಕದ ವಿಮಾನ ಗುಂಡಿನ ಮಳೆಗರೆದು 42 ಜನ ಸತ್ತರು. ಅವರಲ್ಲಿ 14 ಜನ ಸಂಸ್ಥೆಯ ಕೆಲಸಗಾರರೇ. ಮಗಳನ್ನು ಕಳಿಸುವ ತಂದೆ-ತಾಯಿಗಳಿಗೆ ಇದು ಗೊತ್ತಿರಬೇಕು. ಗೊತ್ತಿದ್ದೂ ಹೋಗುತ್ತೇನೆನ್ನುವವಳನ್ನು ತಡೆಯುವ ಹಕ್ಕು ನಮಗಿಲ್ಲ.

ಇನ್ನೊಂದು ಜಾಲವಿದೆ, ಅದು ಸೇವೆಯ ಹೆಸರಿನದಲ್ಲ, ನೌಕರಿಯ ಹೆಸರಿನದು. ಆದರೆ ಬಡ ಮನೆಗೆ ಎರಡರ ದಲಾಲರೂ ಒಂದೇ ಬಾಗಿಲಿನಿಂದ ಬರುತ್ತಾರೆ. ಪರದೇಶಕ್ಕೆ ನೌಕರಿಗೆ ಕಳಿಸುವ ಏಜೆಂಟನು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ನಮ್ಮ ದೇಶದ ನಿಯಮ. ಹಿಂದೆ ಈ ಮಿತಿ ಇನ್ನೂ ಕಡಿಮೆ ಇತ್ತು. ಆ ಕಾಲದಲ್ಲಿಯೇ, 2015ರಲ್ಲಿ, ಕೇರಳದ ಒಂದು ಏಜನ್ಸಿಯು ಕುವೈತಿಗೆ ಹೋಗುವ ನರ್ಸುಗಳಿಂದ 19,500ರ ಬದಲಿಗೆ 19.5 ಲಕ್ಷ ವಸೂಲಿ ಮಾಡಿತೆಂಬ ಆರೋಪದ ಮೇಲೆ ಸಿ.ಬಿ.ಐ. ದಾಳಿ ಮಾಡಿತು. ಅದೇ ವರ್ಷ ಸರಕಾರ ಎಚ್ಚತ್ತು, ಕುವೈತ, ಸೌದಿ ಮೊದಲಾದ ದೇಶಗಳಿಗೆ ಹೋಗುವ ನರ್ಸುಗಳ ನೇಮಕವು ಸರಕಾರಿ ಸಂಸ್ಥೆಗಳ ಮೂಲಕ ಆಗಬೇಕೆಂದು ವಿಧಿಸಿತು. ಅದಕ್ಕೆ ಒಂದು ವರ್ಷ ಹಿಂದೆ, 2014ರಲ್ಲಿ, ಇರಾಕದ ತಿಕ್ರಿತದಲ್ಲಿ 46 ಜನ ಭಾರತೀಯ ನರ್ಸುಗಳು ಯುದ್ಧದ ನಡುವೆ ಸಿಕ್ಕಿಕೊಂಡಿದ್ದರು. ಊರಿಗೆ ಬರುವುದಕ್ಕೂ ಅವರಲ್ಲಿ ಕೆಲವರು ಹಿಂದೆ ಮುಂದೆ ನೋಡಿದರು. ಕಾರಣವೇನು? ಓದಿಗೆ, ಏಜೆಂಟನಿಗೆ ಮಾಡಿದ ಸಾಲ. ಬರಬೇಕಾದ ಪಗಾರ ಬಾಕಿ. ಬಾಂಬಿಗಿಂತ ಊರ ಸಾಲಕ್ಕೆ ಹೆಚ್ಚು ಹೆದರುವ ಸ್ಥಿತಿಗೆ ಹೆಣ್ಣುಮಕ್ಕಳನ್ನು ತಂದವರು ಯಾರು?

ಜಗತ್ತಿಗೆ ನರ್ಸುಗಳು ಬೇಕಾಗಿದ್ದಾರೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿದ್ದ ನರ್ಸುಗಳು 2 ಕೋಟಿ 98 ಲಕ್ಷ. ಕೊರತೆ 58 ಲಕ್ಷ. ಏಳು ಜನರಲ್ಲಿ ಒಬ್ಬರು ತಾವು ಹುಟ್ಟಿದ ದೇಶದ ಹೊರಗೆ ದುಡಿಯುತ್ತಾರೆ. ಇಷ್ಟು ಬೇಡಿಕೆಯಿರುವ ಕಸುಬಿನವರು ದಲಾಲನ ಕೈಗೆ ಹಣ ಕೊಟ್ಟು ಕೆಲಸ ಕೊಳ್ಳಬೇಕಾಗಿರುವುದು ಆಶ್ಚರ್ಯವಲ್ಲವೇ? ಹತ್ತಿಗೆ ಬೇಡಿಕೆ ಬಂದರೆ ಧಾರಣೆ ಏರುತ್ತದೆ. ನರ್ಸಿಗೆ ಬೇಡಿಕೆ ಬಂದರೆ ದಲಾಲಿ ಏರುತ್ತದೆ!

ಹುಡುಗಿ ಏನು ಮಾಡಬೇಕು? ಮೊದಲು ಓದು ಮುಗಿಸಬೇಕು. ಆಮೇಲೆ ಎರಡು ವರ್ಷ ದೊಡ್ಡ ದವಾಖಾನೆಯಲ್ಲಿ, ಸಾಧ್ಯವಾದರೆ ಹೆರಿಗೆ ಅಥವಾ ಅಪಘಾತದ ವಿಭಾಗದಲ್ಲಿ, ಮೈಮುರಿದು ಕೆಲಸ ಮಾಡಬೇಕು. ಹಾಸಿಗೆ ಹಾಸುವುದನ್ನು ಅವಳು ಹಗುರವೆಂದು ಎಣಿಸಿದ್ದಾಳೆ. ಅಲುಗಾಡದ ರೋಗಿಯ ಬೆನ್ನಿಗೆ ಹುಣ್ಣಾಗದಂತೆ ಹಾಸಿಗೆ ಹಾಸುವುದು, ಮಗ್ಗುಲು ಹೊರಳಿಸುವುದು ಈ ಕಸುಬಿನ ಜೀವಾಳವೆಂದು ಬಲ್ಲವರು ಹೇಳುತ್ತಾರೆ. ಗಿರಣಿಯಲ್ಲಿ ಎಳೆ ಹರಿದಾಗ ಗಂಟು ಹಾಕುವುದನ್ನು ಕಲಿಯದೆ ಯಾರಾದರೂ ಮಗ್ಗ ನಡೆಸಿದ್ದಾರೆಯೇ? ಹೋಗುವ ನಾಡಿನ ಭಾಷೆಯನ್ನು ಸ್ವಲ್ಪವಾದರೂ ಕಲಿಯಬೇಕು. ಕೋಟ್ನಿಸರು ಕಲಿತರು, ಜೀನ ಯುವೆನ ಕಲಿತಿದ್ದಳು. ‘ಎಲ್ಲಿ ನೋವು, ಎಷ್ಟು ದಿನದಿಂದ’ ಎಂದು ಕೇಳಲು ಬಾರದ ನರ್ಸು ಆ ನಾಡಿಗೆ ಇನ್ನೊಂದು ಹೊರೆ.

ಮೈಯ ತಯಾರಿಯೂ ಇದೆ. ಕಾಮಾಲೆಯ ಬಿ ಜಾತಿಗೆ ಮೂರು ಚುಚ್ಚುಮದ್ದು, ಮುಗಿಯಲು ಆರು ತಿಂಗಳು ಬೇಕು. ಆದ್ದರಿಂದ ಹೊರಡುವ ವಾರ ನೆನಪಾದರೆ ಪ್ರಯೋಜನವಿಲ್ಲ. ಆಫ್ರಿಕದ ಅನೇಕ ದೇಶಗಳಿಗೆ ಹಳದಿ ಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರ ಬೇಕು. ಅದನ್ನು ಸರಕಾರ ಗೊತ್ತುಪಡಿಸಿದ ಕೇಂದ್ರದಲ್ಲಿಯೇ ಹಾಕಿಸಬೇಕು, ಹಾಕಿಸಿದ ಹತ್ತು ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು.

ಕರೆಯುವವರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ನನ್ನ ಮಟ್ಟಿಗೆ ಮುಖ್ಯವಾದದ್ದು ಒಂದೇ. ಕೆಲಸದಲ್ಲಿ ರೋಗಿಯ ರಕ್ತದ ಸೂಜಿ ಕೈಗೆ ಚುಚ್ಚಿತೆನ್ನಿ. ಏಡ್ಸ ಸೋಂಕು ತಡೆಯುವ ಗುಳಿಗೆಯನ್ನು 72 ತಾಸಿನೊಳಗೆ ಶುರು ಮಾಡಬೇಕು. ಅದು ಅಲ್ಲಿ ಯಾರ ಹತ್ತಿರ ಇದೆ, ಯಾರು ಕೊಡುತ್ತಾರೆ, ಖರ್ಚು ಯಾರದು? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದವರ ಜೊತೆ ತಾಲೂಕಿನ ಗಡಿ ಕೂಡ ದಾಟಬಾರದು.

ಇನ್ನು ಕಿರಾಣಿ ಮಿತ್ರರ ಮಾತಿಗೆ ಉತ್ತರ. ಊರ ದವಾಖಾನೆಯಲ್ಲಿ ನರ್ಸು ಸಿಗದಿರುವುದು ದುಂಡಸಿಯ ಹುಡುಗಿ ಆಫ್ರಿಕಕ್ಕೆ ಹೋದದ್ದರಿಂದಲ್ಲ. ಹುದ್ದೆ ತುಂಬುವುದಿಲ್ಲ, ತುಂಬಿದರೆ ಗುತ್ತಿಗೆಯ ಮೇಲೆ ತುಂಬುತ್ತಾರೆ. ಖಾಸಗಿಯವರ ವಿಷಯ ಹೇಳುವುದೇ ಬೇಡ. ಸುಪ್ರೀಮ್ ಕೋರ್ಟು 2016ರಲ್ಲಿ ಸೂಚಿಸಿದ ಮೇಲೆ ಕೇಂದ್ರ ಸರಕಾರದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ದವಾಖಾನೆಯೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಕೂಡದು, ಇನ್ನೂರು ಹಾಸಿಗೆಗೆ ಮೇಲ್ಪಟ್ಟವರು ಸರಕಾರಿ ನರ್ಸಿನ ಸಮಕ್ಕೆ ಕೊಡಬೇಕು ಎಂದು ಶಿಫಾರಸು ಮಾಡಿತು. ನಮ್ಮ ವಾಚಕರು ತಮ್ಮ ತಮ್ಮ ಊರಿನ ನರ್ಸಿಂಗ ಹೋಮಿನ ಹುಡುಗಿಯರನ್ನು ಮೆಲ್ಲಗೆ ಕೇಳಿ ನೋಡಲಿ, ಕೈಗೆ ಎಷ್ಟು ಬರುತ್ತದೆಂದು. ಆ ಮೇಲೆ ಅವರು ದೇಶ ಬಿಟ್ಟು ಹೋಗುತ್ತಾರೆಂದು ಗೊಣಗುವ ಹಕ್ಕು ನಮಗೆ ಇದೆಯೋ ಇಲ್ಲವೋ ನೋಡೋಣ.

ಸರಕಾರಕ್ಕೆ ನಮ್ಮ ಬೇಡಿಕೆಗಳು ಎರಡು. ತಾಲೂಕು ದವಾಖಾನೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸು ಹುದ್ದೆಗಳನ್ನು ಖಾಯಮ್ಮಾಗಿ ತುಂಬಬೇಕು. ಮಾನ್ಯ ಸಂಸ್ಥೆಯ ಕರೆ ಬಂದು ಪರದೇಶಕ್ಕೆ ಆರು ತಿಂಗಳೋ ಒಂದು ವರ್ಷವೋ ಸೇವೆಗೆ ಹೋಗುವ ನರ್ಸಿನ ಜಾಗವನ್ನು ಉಳಿಸಿಟ್ಟು, ಹಿರಿತನ ಕೆಡದಂತೆ ರಜೆ ಕೊಡಬೇಕು. ನಮ್ಮವರಿಗೆ ಒಂದು ಮಾತು: 1938ರಲ್ಲಿ ಪರತಂತ್ರ ಭಾರತದ ಜನ ವಂತಿಗೆ ಎತ್ತಿ ಐವರನ್ನು ಕಳಿಸಿದರು. ಮೂರು ವರ್ಷದ ಮೇಲೆ ಈ ಹುಡುಗಿ ಓದು ಮತ್ತು ಅನುಭವ ಮುಗಿಸಿ ಬಂದು ‘ಈಗ ಹೋಗುತ್ತೇನೆ’ ಎಂದರೆ, ಚುಚ್ಚುಮದ್ದು, ಪಾಸಪೋರ್ಟು, ಭಾಷೆಯ ಪಾಠ ಇವುಗಳ ಖರ್ಚನ್ನು ಕಾಮಗಾರರ ಸಂಘವೂ ಪೇಟೆಯ ವ್ಯಾಪಾರಿಗಳೂ ಕೂಡಿ ಹೊರಬಹುದು. ತಲೆಗೆ ಒಂದು ಚಹಾದ ಹಣ ಸಾಕು. ಹೊಲದ ಉತಾರ ಮನೆಯಲ್ಲಿಯೇ ಇರಲಿ.

ಇಂಥ ಬಣ್ಣದ ಕಾಗದ ಯಾರ ಮನೆಗೆ ಬಂದರೂ, ಮುಂಗಡ ಹಣ ಕೊಡುವ ಮೊದಲು ನಮ್ಮ ಕಚೇರಿಗೆ ತರಬಹುದು. ಸಂಜೆ ಆರರ ಮೇಲೆ ಯಾರಾದರೂ ಒಬ್ಬರು ಇರುತ್ತಾರೆ. ಇಂಗ್ಲಿಷಿನಲ್ಲಿರುವ ಕರಾರನ್ನು, ಅದರ ಬೆನ್ನ ಮೇಲಿನ ಸಣ್ಣಕ್ಷರವನ್ನೂ ಬಿಡದೆ, ಕನ್ನಡದಲ್ಲಿ ಓದಿ ಹೇಳುತ್ತೇವೆ. ಅದಕ್ಕೆ ಶುಲ್ಕವಿಲ್ಲ.